ಮೋಟರ್ ಅಲ್ಲಮ್ಮ, ಗೀಸರ್

ನಮ್ಮ ಮನೆಯಲ್ಲಿ ಬೆಳಗಿನ ಜಗಳ ಶುರುವಾಗುವುದೇ ನೀರಿನ ಮೋಟರಿನಿಂದ. ಸಂಪಿನ ನೀರು ತಾರಸಿ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಏರುತ್ತಿರುತ್ತದೆ. ಒಗ್ಗರಣೆ ಹಾಕುತ್ತಿರುವ ಅಮ್ಮನ ಒಂದು ಕಿವಿ ಆ ಗುಯ್ಯೆನ್ನುವ ಸದ್ದಿನ ಕಡೆಗೇ ಇರುತ್ತದೆ. ಐದು ನಿಮಿಷ ಹೆಚ್ಚಾದರೆ ಸಾಕು, "ಆಫ್ ಮಾಡೋ ಅದನ್ನ, ಕರೆಂಟ್ ಬಿಲ್ಲು ಯಾರು ಕಟ್ತಾರೆ?" ಎಂದು ಕೂಗು. ಅದೇ ಹೊತ್ತಿಗೆ ಬಚ್ಚಲುಮನೆಯಲ್ಲಿ ಗೀಸರಿನ ಕೆಂಪು ದೀಪ ತಣ್ಣಗೆ ಉರಿಯುತ್ತಿರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ಬೈಗುಳವೆಲ್ಲ ಸದ್ದು ಮಾಡುವವನಿಗೇ.

ಒಂದು ಭಾನುವಾರ ಕಾಗದ ಪೆನ್ನು ಹಿಡಿದು ಲೆಕ್ಕಕ್ಕೆ ಕೂತೆ. ಟ್ಯಾಂಕ್ ಒಮ್ಮೆ ತುಂಬಲು ನಮ್ಮ ಮೋಟರು ತಿನ್ನುವುದು ಸುಮಾರು ಕಾಲು ಯೂನಿಟ್. ನಾಲ್ಕು ಜನರ ಸ್ನಾನದ ನೀರು ಕಾಯಲು ಎರಡೂಕಾಲು ಯೂನಿಟ್ಟಿಗೂ ಮೇಲೆ. ಹೆಚ್ಚುಕಡಿಮೆ ಒಂಬತ್ತು ಪಟ್ಟು. ಅಮ್ಮ ನಂಬಲಿಲ್ಲ. "ಅಷ್ಟು ನೀರನ್ನ ಅಷ್ಟು ಎತ್ತರಕ್ಕೆ ಏರಿಸೋದು ಅಂದ್ರೆ ಸುಮ್ನೇನಾ? ನೀನೇ ಒಂದು ದಿನ ಕೊಡದಲ್ಲಿ ಹೊತ್ತು ನೋಡು, ಗೊತ್ತಾಗತ್ತೆ."

ಅವಳ ಮಾತಿನಲ್ಲೂ ನ್ಯಾಯವಿದೆ. ಚಿಕ್ಕಂದಿನಿಂದ ಬಾವಿಯಲ್ಲಿ ನೀರು ಸೇದಿದ ರಟ್ಟೆ ಅದು. ನೀರು ಎತ್ತುವುದು ಎಷ್ಟು ಕಷ್ಟ ಎಂಬುದು ಆ ರಟ್ಟೆಗೆ ಗೊತ್ತು. ನೀರು ಕಾಯಿಸುವುದು ಎಷ್ಟು 'ಕಷ್ಟ' ಎಂಬುದು ಒಲೆಯ ಸೌದೆಗೆ ಗೊತ್ತೇ ಹೊರತು ನಮ್ಮ ಮೈಗೆ ಗೊತ್ತಿಲ್ಲ. ರಟ್ಟೆಯ ಲೆಕ್ಕ ಒಂದು, ಮೀಟರಿನ ಲೆಕ್ಕ ಇನ್ನೊಂದು. ಇವೆರಡು ಎಲ್ಲಿ ಬೇರೆಯಾಗುತ್ತವೆ ಎಂದು ತಿಳಿಯಬೇಕಾದರೆ ಹೈಸ್ಕೂಲಿನ ಮೂರು ಪದಗಳನ್ನು ಮತ್ತೆ ಕೈಗೆತ್ತಿಕೊಳ್ಳಬೇಕು: ಕೆಲಸ, ಶಕ್ತಿ, ಸಾಮರ್ಥ್ಯ.

ಈ ಪದಗಳೇ ನಮಗೆ ಮೊದಲ ತೊಡಕು. ಆಡುಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ, ತಾಕತ್ತು ಎಲ್ಲವೂ ಒಂದೇ. "ಮೈಯಲ್ಲಿ ಶಕ್ತಿ ಇಲ್ಲ" ಅಂದರೂ "ಕೈಯಲ್ಲಿ ಬಲ ಇಲ್ಲ" ಅಂದರೂ ಕೇಳಿದವನಿಗೆ ಅರ್ಥ ಒಂದೇ. ಭೌತಶಾಸ್ತ್ರ ಮಾತ್ರ ಇವುಗಳ ನಡುವೆ ಗೋಡೆ ಎಬ್ಬಿಸಿದೆ. ಬಲ ಅಂದರೆ ನೂಕುವುದು ಅಥವಾ ಎಳೆಯುವುದು, ಅಷ್ಟೇ. ಆ ಬಲ ಒಂದು ವಸ್ತುವನ್ನು ತನ್ನ ದಿಕ್ಕಿನಲ್ಲಿ ಒಂದಷ್ಟು ದೂರ ಸರಿಸಿದರೆ ಕೆಲಸ ಆಯಿತು. ಕೆಲಸ ಮಾಡಿಸಬಲ್ಲ ದಾಸ್ತಾನು ಶಕ್ತಿ. ಆ ದಾಸ್ತಾನು ಎಷ್ಟು ಬೇಗ ಖಾಲಿಯಾಗುತ್ತಿದೆ, ಅಂದರೆ ಸೆಕೆಂಡಿಗೆ ಎಷ್ಟು ಕೆಲಸ ನಡೆಯುತ್ತಿದೆ ಎಂಬುದು ಸಾಮರ್ಥ್ಯ. ಓದಲು ಸಲೀಸು, ಬಳಸುವಾಗ ದಿನವೂ ತಪ್ಪುತ್ತೇವೆ.

ಒಂದು ಕೊಡದ ಲೆಕ್ಕ

ಬಾವಿಯಿಂದಲೇ ಶುರು ಮಾಡೋಣ. ಹದಿನೈದು ಲೀಟರಿನ ಕೊಡ, ನೀರು ಹತ್ತು ಮೀಟರ್ ಆಳದಲ್ಲಿದೆ. ಒಂದು ಲೀಟರ್ ನೀರು ಒಂದು ಕಿಲೋ. ಭೂಮಿ ಪ್ರತಿ ಕಿಲೋವನ್ನೂ 9.8 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಕೊಡವನ್ನು ಎತ್ತಲು ಬೇಕಾದ ಬಲ 147 ನ್ಯೂಟನ್. ಅದನ್ನು ಹತ್ತು ಮೀಟರಿನಿಂದ ಗುಣಿಸಿದರೆ ಕೆಲಸ 1,470 ಜೂಲ್. ಒಂದು ಜೂಲ್ ಎಷ್ಟು ಅಂದರೆ, ನೂರು ಗ್ರಾಮಿನ ಟೊಮೆಟೊ ಒಂದನ್ನು ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಎತ್ತಿದಷ್ಟು. ತೀರ ಪುಟಾಣಿ ಅಳತೆ. ಕೊಡದ ಹಗ್ಗದ ತೂಕ, ರಾಟೆಯ ಕಿರಿಕಿರಿ ಇವನ್ನೆಲ್ಲ ಬಿಟ್ಟು ಹೇಳುತ್ತಿದ್ದೇನೆ.

ಈಗ ಸೇದಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಪಕ್ಕದ ಮನೆಯವರ ಜೊತೆ ಹತ್ತು ನಿಮಿಷ ಮಾತಾಡುತ್ತ ನಿಂತರೆ? ಕೊಡದ ಮೇಲೆ ಆದ ಕೆಲಸ ಸೊನ್ನೆ. ಸಮತಟ್ಟು ದಾರಿಯಲ್ಲಿ ಒಂದೇ ವೇಗದಲ್ಲಿ ಮನೆಯವರೆಗೆ ಹೊತ್ತು ನಡೆದರೆ? ಆಗಲೂ ಗುರುತ್ವದ ವಿರುದ್ಧ ಆದ ಕೆಲಸ ಸೊನ್ನೆ, ಏಕೆಂದರೆ ನೀವು ಕೊಟ್ಟ ಬಲ ಮೇಲ್ಮುಖವಾಗಿದೆ, ಕೊಡ ಸರಿದದ್ದು ಅಡ್ಡಡ್ಡ. ಇದನ್ನು ಕೇಳಿದ ಪ್ರತಿ ಮಗುವೂ ತರಗತಿಯಲ್ಲಿ ತಕರಾರು ತೆಗೆಯುತ್ತದೆ. ತೆಗೆಯಲೇಬೇಕು. ಕೈ ಸೋಲುವುದು ಸುಳ್ಳಲ್ಲವಲ್ಲ.

ಉತ್ತರ ಇರುವುದು ಸ್ನಾಯುವಿನ ಒಳಗೆ. ಕಲ್ಲಿನ ಕಟ್ಟೆ ಕೊಡವನ್ನು ವರ್ಷಗಟ್ಟಲೆ ಹೊತ್ತಿರಬಲ್ಲದು, ಅದಕ್ಕೆ ಊಟ ಬೇಡ. ಸ್ನಾಯು ಕಲ್ಲಿನ ಹಾಗಲ್ಲ. ಅದು ಬಿಗಿಯಾಗಿ ನಿಂತಿರಬೇಕಾದರೆ ಒಳಗಿನ ಸೂಕ್ಷ್ಮ ಎಳೆಗಳು ಸತತವಾಗಿ ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತಿರಬೇಕು. ಪ್ರತಿ ಎಳೆತಕ್ಕೂ ಉಂಡ ಅನ್ನದ ಶಕ್ತಿ ಖರ್ಚು. ಕೊಡ ಮಿಸುಕುವುದಿಲ್ಲ, ಖರ್ಚಾದದ್ದೆಲ್ಲ ಮೈಬಿಸಿಯಾಗಿ ಹೋಗುತ್ತದೆ. ಹಾಗಾಗಿ 'ಕೆಲಸ ಸೊನ್ನೆ' ಎಂಬುದು ಕೊಡದ ಕಡೆಯ ಲೆಕ್ಕ, ಹೊತ್ತವರ ಕಡೆಯದ್ದಲ್ಲ. ಪಠ್ಯಪುಸ್ತಕಗಳು ಈ ಒಂದು ಸಾಲನ್ನು ಸೇರಿಸಿದ್ದರೆ ಎಷ್ಟೋ ಮಕ್ಕಳ ಗೊಂದಲ ಅಲ್ಲೇ ಮುಗಿಯುತ್ತಿತ್ತು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಎಪಿಎಂಸಿ ಯಾರ್ಡಿಗೆ ಹೋದರೆ ಈ ಲೆಕ್ಕದ ಇನ್ನೊಂದು ಮುಖ ಕಾಣುತ್ತದೆ. ಹಮಾಲಿಯೊಬ್ಬ 50 ಕಿಲೋ ಮೂಟೆಯನ್ನು ನೆಲದಿಂದ ಲಾರಿಯ ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಿದರೆ 735 ಜೂಲ್. ದಿನಕ್ಕೆ ಮುನ್ನೂರು ಮೂಟೆ ಏರಿಸಿದ ಅಂದುಕೊಳ್ಳಿ, ಒಟ್ಟು 2,20,500 ಜೂಲ್. ಕರೆಂಟಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಅಂದರೆ ಬೆನ್ನು ಮುರಿದು ದುಡಿದ ಆ ಇಡೀ ದಿನ ಮೂಟೆಗಳ ಮೇಲೆ ಆದ ಕೆಲಸ 0.06 ಯೂನಿಟ್. ಹಳೆಯ ಮಾದರಿಯ 75 ವ್ಯಾಟಿನ ಫ್ಯಾನು ಒಂದು ಗಂಟೆಯೂ ತಿರುಗದು ಅಷ್ಟರಲ್ಲಿ. ಜೊತೆಗೆ ಅವನು ಬಗ್ಗಿ ಎದ್ದಾಗಲೆಲ್ಲ ತನ್ನ ಮೈಭಾರವನ್ನೂ ಎತ್ತಿದ್ದಾನೆ, ಅದು ಲೆಕ್ಕಕ್ಕೆ ಬರಲಿಲ್ಲ. ಬೆನ್ನುನೋವಿಗೆ ಭೌತಶಾಸ್ತ್ರದಲ್ಲಿ ಮಾನವೇ ಇಲ್ಲ. ಕರೆಂಟು ಎಷ್ಟು ಅಗ್ಗದ ಆಳು ಎಂಬುದು ಮಾತ್ರ ಈ ಲೆಕ್ಕದಿಂದ ಗೊತ್ತಾಗುತ್ತದೆ.

ಕೆಲಸ ಕಡಿಮೆ ಮಾಡುವ ಉಪಾಯವಿಲ್ಲವೇ? ಬಲ ಕಡಿಮೆ ಮಾಡಬಹುದು, ಕೆಲಸ ಕಡಿಮೆ ಮಾಡಲಾಗದು. 200 ಕಿಲೋ ಡ್ರಮ್ಮನ್ನು ಒಂದು ಮೀಟರ್ ಎತ್ತರದ ಲಾರಿಗೆ ನೇರ ಎತ್ತಲು ನಾಲ್ಕು ಜನ ಬೇಕು. ನಾಲ್ಕು ಮೀಟರ್ ಉದ್ದದ ಹಲಗೆ ಇಟ್ಟು ಉರುಳಿಸಿದರೆ ಕಾಲುಭಾಗ ಬಲ ಸಾಕು, ಆದರೆ ದೂರ ನಾಲ್ಕು ಪಟ್ಟು. ಗುಣಿಸಿದರೆ ಅದೇ 1,960 ಜೂಲ್. ಘಾಟಿ ರಸ್ತೆ ಸುತ್ತಿ ಸುತ್ತಿ ಏರುವುದು ಇದೇ ಲೆಕ್ಕದಿಂದ. ಬಾವಿಯ ಮೇಲಿನ ಒಂಟಿ ರಾಟೆ ಅಷ್ಟೂ ಮಾಡುವುದಿಲ್ಲ. ಅದು ಬಲವನ್ನು ಒಂದಿಷ್ಟೂ ತಗ್ಗಿಸದು, ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯುತ್ತೇವೆ, ನಮ್ಮ ಮೈಭಾರ ಹಗ್ಗಕ್ಕೆ ಜೋತುಬೀಳುತ್ತದೆ, ಹಾಯೆನಿಸುತ್ತದೆ.

ಪಂಪುಸೆಟ್ಟು ಬರುವ ಮೊದಲು ನಮ್ಮ ತೋಟಗಳಲ್ಲಿ ಇದ್ದ ಕಪಿಲೆಯಲ್ಲಿ ಈ ಜಾಣತನ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಬಾವಿಯ ದಡದಿಂದ ಹೊರಕ್ಕೆ ಒಂದು ಇಳಿಜಾರು. ಎತ್ತುಗಳು ಆ ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಹಗ್ಗ ಎಳೆದು, ಚರ್ಮದ ದೊಡ್ಡ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಎತ್ತಿನ ಸ್ನಾಯುವಿನ ಜೊತೆ ಎತ್ತಿನ ತೂಕವೂ ನೀರೆತ್ತುತ್ತಿತ್ತು. ಹಾಗಂತ ಅದೇನೂ ಪುಕ್ಕಟೆಯಲ್ಲ. ಇಳಿದ ಎತ್ತು ಮತ್ತೆ ದಿಣ್ಣೆ ಹತ್ತಿ ವಾಪಸು ಬರಬೇಕಲ್ಲ, ಸಾಲ ಅಲ್ಲಿ ತೀರುತ್ತಿತ್ತು.

ಎತ್ತಿಟ್ಟದ್ದು ಎಲ್ಲಿಗೆ ಹೋಯಿತು?

ನೀರು ಸೇದಿ ತಾರಸಿಗೆ ಏರಿಸಿದ್ದಾಯಿತು. ಮಾಡಿದ ಕೆಲಸ ಮಾಯವಾಗಲಿಲ್ಲ, ನೀರಿನ ಎತ್ತರದಲ್ಲಿ ಠೇವಣಿಯಾಗಿ ಕೂತಿದೆ. ಅದಕ್ಕೆ ಪ್ರಚ್ಛನ್ನ ಶಕ್ತಿ ಎಂದು ಹೆಸರು. ನಲ್ಲಿ ತಿರುಗಿಸಿದಾಗ ಕೆಳಮನೆಯಲ್ಲಿ ನೀರು ರಭಸವಾಗಿ ಬರುತ್ತದಲ್ಲ, ಅದು ಆ ಠೇವಣಿಯಿಂದ ತೆಗೆದ ದುಡ್ಡು. ರಭಸದ ರೂಪದಲ್ಲಿರುವ ಶಕ್ತಿ ಚಲನಶಕ್ತಿ.

ತೆಂಗಿನಮರದಲ್ಲಿ ಐವತ್ತಡಿ ಎತ್ತರದಲ್ಲಿ, ಅಂದರೆ ಸುಮಾರು 15 ಮೀಟರಿನಲ್ಲಿ, ಒಂದೂವರೆ ಕಿಲೋ ಕಾಯಿ ತೂಗುತ್ತಿದೆ. ಅದರ ಠೇವಣಿ 220 ಜೂಲ್. ತೊಟ್ಟು ಕಳಚಿದರೆ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ 60 ಕಿಲೋಮೀಟರ್ ದಾಟಿರುತ್ತದೆ. ತೆಂಗಿನಮರದ ಕೆಳಗೆ ಮಂಚ ಹಾಕಬೇಡ ಎಂದು ಅಜ್ಜಿಯರು ಹೇಳುತ್ತಿದ್ದದ್ದು ಸೂತ್ರ ಗೊತ್ತಿದ್ದು ಅಲ್ಲ, ಕಾಯಿ ಬಿದ್ದ ಜಾಗದ ನೆಲದ ಗುಂಡಿ ನೋಡಿ.

ಆ ಗುಂಡಿಯಲ್ಲಿ ಒಂದು ಇತಿಹಾಸವೇ ಇದೆ. ಚಲಿಸುವ ವಸ್ತುವಿನ 'ಕಸುವು' ವೇಗದ ಹಾಗೆ ಏರುತ್ತದೆಯೋ, ವೇಗದ ವರ್ಗದ ಹಾಗೆ ಏರುತ್ತದೆಯೋ ಎಂದು ಯುರೋಪಿನಲ್ಲಿ ಹದಿನೆಂಟನೇ ಶತಮಾನದಲ್ಲಿ ದೊಡ್ಡ ವಾಗ್ವಾದ ನಡೆದಿತ್ತು. ಹಾಲೆಂಡಿನ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಹಸಿ ಜೇಡಿಮಣ್ಣಿನ ಮೇಲೆ ಬೀಳಿಸಿ ಗುಂಡಿಗಳನ್ನು ಅಳೆದ. ವೇಗ ಎರಡು ಪಟ್ಟಾದರೆ ಗುಂಡಿ ನಾಲ್ಕು ಪಟ್ಟು. ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರ ತನ್ನ ಭೌತಶಾಸ್ತ್ರ ಪುಸ್ತಕದಲ್ಲಿ ಈ ವರ್ಗದ ಪಕ್ಷವನ್ನು ಗಟ್ಟಿಯಾಗಿ ಹಿಡಿದಳು. ನ್ಯೂಟನ್ನನ ಮಹಾಗ್ರಂಥವನ್ನು ಫ್ರೆಂಚಿಗೆ ತಂದವಳೂ ಅವಳೇ. ಹೆಂಗಸು ಗಣಿತ ಮಾಡುವುದೇ ಸೋಜಿಗವಾಗಿದ್ದ ಕಾಲ ಅದು. ಅರ್ಧ ಗುಣಿಸು ದ್ರವ್ಯರಾಶಿ ಗುಣಿಸು ವೇಗದ ವರ್ಗ ಎಂದು ನಾವು ಬಾಯಿಪಾಠ ಮಾಡಿದ ಸೂತ್ರದ ಹಿಂದೆ ಈ ಜೇಡಿಮಣ್ಣು ಇದೆ.

ಈ ವರ್ಗವನ್ನು ಬೈಕ್ ಓಡಿಸುವವರು ಮರೆಯಬಾರದು. ಗಾಡಿ, ಸವಾರ ಸೇರಿ 180 ಕಿಲೋ. ಗಂಟೆಗೆ 40 ಕಿಲೋಮೀಟರಿನಲ್ಲಿ ಚಲನಶಕ್ತಿ ಸುಮಾರು 11 ಸಾವಿರ ಜೂಲ್. 80ಕ್ಕೆ ಹೋದರೆ 22 ಸಾವಿರ ಅಲ್ಲ, 44 ಸಾವಿರ. ಬ್ರೇಕಿನ ಬಲ ಅಷ್ಟೇ ಇರುತ್ತದೆ, ಹಾಗಾಗಿ ನಾಲ್ಕು ಪಟ್ಟು ಶಕ್ತಿಯನ್ನು ಕರಗಿಸಲು ನಾಲ್ಕು ಪಟ್ಟು ದೂರ ಬೇಕು. ಒಳ್ಳೆಯ ಒಣ ರಸ್ತೆಯಲ್ಲಿ 40ರ ವೇಗಕ್ಕೆ ಹತ್ತು ಮೀಟರ್ ಚಿಲ್ಲರೆ ಸಾಕಾದರೆ 80ಕ್ಕೆ ನಲವತ್ತು ಮೀಟರ್ ಚಿಲ್ಲರೆ. ನಾಯಿ ಅಡ್ಡ ಬಂತು ಎಂದು ತಲೆಗೆ ಹೊಳೆಯುವಷ್ಟರಲ್ಲಿ ಓಡಿದ ದೂರ ಬೇರೆ. ಎತ್ತರದ ಭಾಷೆಯಲ್ಲಿ ಹೇಳುವುದಾದರೆ, 40ರಲ್ಲಿ ಗೋಡೆಗೆ ಗುದ್ದುವುದು ಎರಡನೇ ಮಹಡಿಯಿಂದ ಬಿದ್ದಂತೆ, 80ರಲ್ಲಿ ಗುದ್ದುವುದು 25 ಮೀಟರಿನಿಂದ, ಅಂದರೆ ಎಂಟನೇ ಮಹಡಿಯಿಂದ ಬಿದ್ದಂತೆ.

ಜೂಲ್‌ನ ಗೋರಿಯೂ ಜೋಗದ ಗುಂಡಿಯೂ

ಬ್ರೇಕು ಹಾಕಿ ನಿಲ್ಲಿಸಿದ ಆ 44 ಸಾವಿರ ಜೂಲ್ ಎಲ್ಲಿ ಹೋಯಿತು? ಇಳಿದು ಡಿಸ್ಕನ್ನು ಮುಟ್ಟಿ ನೋಡಿ, ಅಥವಾ ಮುಟ್ಟದೆ ನಂಬಿ. ಬಿಸಿಯಾಗಿರುತ್ತದೆ. ಶಕ್ತಿ ನಾಶವಾಗದು, ವೇಷ ಬದಲಿಸುತ್ತದೆ. ಕೊನೆಗೆ ಬಹುಪಾಲು ವೇಷಗಳೂ ಶಾಖದಲ್ಲೇ ಮುಗಿಯುತ್ತವೆ.

ಶಾಖವೂ ಶಕ್ತಿಯೇ ಎಂದು ಖಚಿತ ಅಳತೆಯಿಂದ ತೋರಿಸಿದವನು ಜೇಮ್ಸ್ ಪ್ರೆಸ್ಕಾಟ್ ಜೂಲ್. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ 1818ರಲ್ಲಿ ಹುಟ್ಟಿದವನು, ಮನೆತನದ ಕಸುಬು ಬಿಯರ್ ತಯಾರಿಕೆ. ನೀರು ತುಂಬಿದ ಪಾತ್ರೆಯೊಳಗೆ ರೆಕ್ಕೆಗಳ ಗಾಲಿ, ಅದಕ್ಕೆ ದಾರ, ದಾರಕ್ಕೆ ತೂಕದ ಗುಂಡುಗಳು. ಗುಂಡು ಇಳಿದರೆ ಗಾಲಿ ನೀರನ್ನು ಕಡೆಯುತ್ತದೆ, ಮಜ್ಜಿಗೆ ಕಡೆಯುವ ಕಡೆಗೋಲಿನ ಹಾಗೆ. ಕಡೆದ ನೀರು ಬಿಸಿಯಾಗಬೇಕು. ಆಗುತ್ತದೆ, ಆದರೆ ಎಷ್ಟು? ಒಂದು ಸಲ ಇಳಿದರೆ ಏನೂ ಗೊತ್ತಾಗದು. ಒಂದು ಪ್ರಯೋಗಕ್ಕೆ ಇಪ್ಪತ್ತು ಸಲ ಗುಂಡನ್ನು ಮೇಲೆತ್ತಿ ಇಳಿಸಿದರೆ ಅರ್ಧ ಫ್ಯಾರನ್‌ಹೀಟ್ ಡಿಗ್ರಿ ಚಿಲ್ಲರೆ. ಅದನ್ನು ಅಳೆಯಬಲ್ಲ ಥರ್ಮಾಮೀಟರು, ಅದನ್ನು ಓದಬಲ್ಲ ತಾಳ್ಮೆ ಎರಡೂ ಅವನಲ್ಲಿತ್ತು. 1847ರಲ್ಲಿ ಮದುವೆಯಾದ ಹೊಸತರಲ್ಲಿ ಆಲ್ಪ್ಸ್ ಕಡೆಗೆ ಹೋದಾಗಲೂ ಕೈಯಲ್ಲಿ ಉದ್ದನೆಯ ಥರ್ಮಾಮೀಟರು, ಜಲಪಾತದ ಮೇಲಿನ ನೀರಿಗೂ ಕೆಳಗಿನ ನೀರಿಗೂ ಉಷ್ಣತೆಯ ವ್ಯತ್ಯಾಸ ನೋಡುವ ಹಂಬಲ. ದಾರಿಯಲ್ಲಿ ಸಿಕ್ಕ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನು, ಈ ಕತೆ ಹೇಳಿದ್ದಾನೆ. ಹೆಂಡತಿ ಏನಂದಳೋ ಅದು ದಾಖಲಾಗಿಲ್ಲ.

ಅವನ ಗೋರಿಕಲ್ಲಿನ ಮೇಲೆ ಒಂದು ಸಂಖ್ಯೆ ಕೆತ್ತಿದೆ: 772.55. ಒಂದು ಪೌಂಡ್ ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಬಿಸಿ ಮಾಡಬೇಕಾದರೆ, ಒಂದು ಪೌಂಡ್ ತೂಕ 772.55 ಅಡಿ ಬೀಳಬೇಕು ಎಂಬುದು ಅದರ ಅರ್ಥ.

ಇಲ್ಲಿ ನನಗೆ ಮೈ ಜುಮ್ಮೆನ್ನುವ ಸಂಗತಿಯೊಂದಿದೆ. ನಮ್ಮ ಜೋಗ ಜಲಪಾತದ ಎತ್ತರ 829 ಅಡಿ. ಜೂಲ್‌ನ ಸಂಖ್ಯೆಗೆ ಎಷ್ಟು ಹತ್ತಿರ! ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಸೀಳಾಗಿ ಬೀಳುವ ಶರಾವತಿಯ ಅಷ್ಟೂ ಆರ್ಭಟ, ದಾರಿಯಲ್ಲಿ ಗಾಳಿಗೆ ಏನೂ ಸೋರಲಿಲ್ಲ ಎಂದು ಬಗೆದರೂ, ಕೆಳಗಿನ ಗುಂಡಿಯ ನೀರನ್ನು ಬಿಸಿ ಮಾಡುವುದು ಒಂದು ಫ್ಯಾರನ್‌ಹೀಟ್ ಡಿಗ್ರಿಯಷ್ಟು. ಸೆಲ್ಸಿಯಸ್ಸಿನಲ್ಲಿ 0.6 ಡಿಗ್ರಿ. ನಿಜದ ಜೋಗದಲ್ಲಿ ತುಂತುರು ಆವಿಯಾಗಿ ತಂಪಾಗುವುದರಿಂದ ಅದೂ ಸಿಗದು. ಜೂಲ್‌ನಿಗೂ ಆಲ್ಪ್ಸ್‌ನಲ್ಲಿ ತುಂತುರೇ ಕಾಟ ಕೊಟ್ಟಿತ್ತು.

ಈಗ ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು. 253 ಮೀಟರ್ ಬಿದ್ದರೆ 0.6 ಡಿಗ್ರಿ. ಸ್ನಾನಕ್ಕೆ ನೀರು ಇದ್ದದ್ದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಾಗಬೇಕು. ಅಷ್ಟು ಶಕ್ತಿಯಲ್ಲಿ ಅದೇ ನೀರನ್ನು ಎಷ್ಟು ಮೇಲಕ್ಕೆ ಎತ್ತಬಹುದಿತ್ತು? ಸುಮಾರು ಎಂಟೂವರೆ ಕಿಲೋಮೀಟರ್. ಎವರೆಸ್ಟಿನ ನೆತ್ತಿ 8,849 ಮೀಟರ್. ಬಕೆಟ್ ನೀರನ್ನು ಉಗುರುಬೆಚ್ಚಗಿಂತ ತುಸು ಹೆಚ್ಚು ಬಿಸಿ ಮಾಡುವುದೂ ಒಂದೇ, ಸಮುದ್ರಮಟ್ಟದಿಂದ ಎವರೆಸ್ಟಿನ ನೆತ್ತಿಯ ಹತ್ತಿರಕ್ಕೆ ಹೊತ್ತೊಯ್ಯುವುದೂ ಒಂದೇ. ನಮ್ಮ ತಾರಸಿ ಹನ್ನೆರಡು ಮೀಟರ್.

ಅಂದಮೇಲೆ ಟ್ಯಾಂಕಿಗೆ ಏರಿಸಿದ ಸಾವಿರ ಲೀಟರಿನ ಕೆಲಸ 1,17,600 ಜೂಲ್, ಅಂದರೆ ಯೂನಿಟ್ಟಿನ ಮೂವತ್ತನೇ ಒಂದು ಪಾಲು. ಮೋಟರು ತಿಂದದ್ದು ಕಾಲು ಯೂನಿಟ್. ಉಳಿದದ್ದು? ಮೋಟರಿನ ಬಿಸಿ, ಪೈಪಿನ ಬಾಗುಗಳಲ್ಲಿ ನೀರು ತಿಕ್ಕಾಡಿದ ನಷ್ಟ, ಅಮ್ಮನ ಕಿವಿಗೆ ಬಿದ್ದ ಸದ್ದು. ಸಣ್ಣ ಮೋಟರುಗಳು ಅಷ್ಟು ದಕ್ಷವಲ್ಲ. ಗೀಸರು ಹಾಗಲ್ಲ, ಕೊಟ್ಟ ಕರೆಂಟನ್ನು ಪೂರ್ತಿ ಶಾಖ ಮಾಡುತ್ತದೆ. ದಕ್ಷತೆಯಲ್ಲಿ ಅದಕ್ಕೆ ನೂರಕ್ಕೆ ನೂರು ಅಂಕ, ಆದರೂ ಬಿಲ್ಲು ಏರಿಸುವುದು ಅದೇ. ಮಾಡಬೇಕಾದ ಕೆಲಸವೇ ಅಷ್ಟು ದೊಡ್ಡದು.

ಕುದುರೆ, ಇನ್ವರ್ಟರು, ಬೋರ್‌ವೆಲ್

ಶಕ್ತಿ ಎಷ್ಟು ಎಂಬುದಾಯಿತು. ಎಷ್ಟು ಬೇಗ ಎಂಬುದು ಸಾಮರ್ಥ್ಯ. ಒಬ್ಬರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಇಪ್ಪತ್ತು ನಿಮಿಷದಲ್ಲಿ ಹತ್ತುತ್ತಾರೆ, ಇನ್ನೊಬ್ಬರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಎರಡು ಗಂಟೆ ತೆಗೆದುಕೊಳ್ಳುತ್ತಾರೆ. ಇಬ್ಬರ ತೂಕ ಒಂದೇ ಆದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ ಒಂದೇ (ಬಗ್ಗಿ ಏಳುವುದನ್ನು ಬಿಟ್ಟರೆ). ಸಾಮರ್ಥ್ಯದಲ್ಲಿ ಆರು ಪಟ್ಟು ವ್ಯತ್ಯಾಸ. ಸೆಕೆಂಡಿಗೆ ಒಂದು ಜೂಲ್ ಆದರೆ ಒಂದು ವ್ಯಾಟ್.

ಆ ಹೆಸರಿನ ಜೇಮ್ಸ್ ವ್ಯಾಟ್ ಒಳ್ಳೆಯ ವ್ಯಾಪಾರಿಯೂ ಹೌದು. ಉಗಿ ಯಂತ್ರ ಮಾರಬೇಕಿತ್ತು, ಕೊಳ್ಳುವವರು ಕುದುರೆಯಿಂದ ಗಾಣ ತಿರುಗಿಸುತ್ತಿದ್ದವರು. ಅವರಿಗೆ ತಿಳಿಯುವ ಭಾಷೆ ಒಂದೇ, ಇದು ಎಷ್ಟು ಕುದುರೆಗೆ ಸಮ? ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತುವುದು ಒಂದು ಕುದುರೆಯ ಸಾಮರ್ಥ್ಯ ಎಂದು ಅವನು ಗೊತ್ತುಮಾಡಿದ. ಇಂದಿನ ಲೆಕ್ಕದಲ್ಲಿ 746 ವ್ಯಾಟ್. ದಿನವಿಡೀ ಅಷ್ಟು ಎಳೆಯುವುದು ಸಾಮಾನ್ಯ ಕುದುರೆಗೆ ಕಷ್ಟವೇ. ಗಟ್ಟಿಮುಟ್ಟಾದ ಕೂಲಿಯಾಳು ದಿನದುದ್ದಕ್ಕೂ ಕೊಡಬಲ್ಲದ್ದು ಸುಮಾರು 75 ವ್ಯಾಟ್. ಆ ಕುದುರೆ ಇಂದಿಗೂ ನಮ್ಮ ಹೊಲಗಳಲ್ಲಿ 'ಐದು ಎಚ್‌ಪಿ', 'ಏಳೂವರೆ ಎಚ್‌ಪಿ' ಎಂದು ಓಡಾಡುತ್ತಿದೆ.

ಆ ಐದು ಎಚ್‌ಪಿಯ ಕತೆ ಕೇಳಿ. ಪಂಪು ಅರ್ಧದಷ್ಟು ದಕ್ಷ ಎಂದಿಟ್ಟುಕೊಂಡರೆ ನೀರಿಗೆ ಸಿಗುವುದು ಸುಮಾರು 1,865 ವ್ಯಾಟ್. ಮೂವತ್ತು ಅಡಿಯ ತೆರೆದ ಬಾವಿಯಿಂದ ಒಂದು ಲೀಟರ್ ಎತ್ತಲು 90 ಜೂಲ್ ಸಾಕು, ಸೆಕೆಂಡಿಗೆ 21 ಲೀಟರ್ ಬಂತು. ಕಾಲುವೆ ತುಂಬಿ ಹರಿಯುತ್ತದೆ. ನೀರು 500 ಅಡಿಗೆ ಇಳಿದರೆ ಲೀಟರಿಗೆ 1,490 ಜೂಲ್ ಬೇಕು. ಅದೇ ಎಚ್‌ಪಿಗೆ ಸೆಕೆಂಡಿಗೆ ಒಂದೂಕಾಲು ಲೀಟರ್. ಆಳಕ್ಕೆ ತಕ್ಕಂತೆ ಪಂಪಿನ ಸ್ಟೇಜುಗಳನ್ನು, ಅಂದರೆ ನೀರನ್ನು ಒಂದಾದ ಮೇಲೊಂದು ಮೇಲಕ್ಕೆ ತಳ್ಳುವ ಹಂತಗಳನ್ನು, ಹೆಚ್ಚಿಸಬೇಕು, ಎರಡೂ ಕಡೆ ಒಂದೇ ಪಂಪು ನಡೆಯದು, ಅದು ಬೇರೆ ಮಾತು. ಕೋಲಾರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. ಅಲ್ಲಿ ಒಂದೊಂದು ಕೊಡ ನೀರಿನ ಬೆನ್ನ ಮೇಲೂ ಎಷ್ಟು ಶಕ್ತಿಯ ಖರ್ಚು ಕೂತಿದೆ ಎಂಬುದು ಈ ಗುಣಾಕಾರದಲ್ಲಿದೆ. ಮೋಟರಿನ ಮೇಲೆ ಬರೆದ ಎಚ್‌ಪಿ ಮಾತ್ರ ನೋಡಿದರೆ ಆ ಖರ್ಚು ಕಾಣುವುದೇ ಇಲ್ಲ. ಎಷ್ಟು ಗಂಟೆ ಓಡಿತು ಎಂಬುದರಿಂದ ಗುಣಿಸಬೇಕು.

ಶಕ್ತಿ, ಸಾಮರ್ಥ್ಯಗಳ ವ್ಯತ್ಯಾಸ ಎದ್ದು ಕಾಣುವುದು ಮನೆಯ ಇನ್ವರ್ಟರಿನಲ್ಲಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅಂದರೆ 1,800 ವ್ಯಾಟ್-ಗಂಟೆ, 1.8 ಯೂನಿಟ್ಟಿನ ದಾಸ್ತಾನು. ಅದು ಶಕ್ತಿ. ಇನ್ವರ್ಟರಿನ ಮೇಲೆ ಬರೆದಿರುವ 900 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಮಿತಿ. ಬ್ಯಾಟರಿ ಪೂರ್ತಿ ತುಂಬಿದ್ದರೂ, ಲೈಟು ಫ್ಯಾನುಗಳ ಜೊತೆಗೆ ದೋಸೆಹಿಟ್ಟಿಗೆ ಮಿಕ್ಸಿ ಹಾಕಿದರೆ ಕೀ ಎಂದು ಕೂಗಿ ಓವರ್‌ಲೋಡ್ ತೋರಿಸುತ್ತದೆ. ಕೆರೆ ತುಂಬಿದೆ, ತೂಬು ಸಣ್ಣದು. ನಮ್ಮ ಕರೆಂಟ್ ಬಿಲ್ಲಿನಲ್ಲೂ ಎರಡೂ ಇವೆ. ಕಿಲೋವ್ಯಾಟಿನಲ್ಲಿರುವ ಮಂಜೂರಾದ ಲೋಡಿನ ಮೇಲೆ ಬರುವ ನಿಗದಿತ ಶುಲ್ಕ ತೂಬಿನ ಬಾಡಿಗೆ. ಯೂನಿಟ್ಟಿನ ಲೆಕ್ಕ ಹರಿದ ನೀರಿನದು. ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿ ಶಕ್ತಿಗೆ ಹಾಕಿದ ಮಿತಿ, ಸಾಮರ್ಥ್ಯಕ್ಕಲ್ಲ.

ಯೂನಿಟ್ ಅಂದರೆ ಕಿಲೋವ್ಯಾಟ್ ಗುಣಿಸು ಗಂಟೆ. 'ಗಂಟೆಗೆ ಇಷ್ಟು ಕಿಲೋವ್ಯಾಟ್' ಅಲ್ಲ. "ದಿನಕ್ಕೆ 300 ಮೆಗಾವ್ಯಾಟ್ ಉತ್ಪಾದನೆ" ಎಂಬ ಬಗೆಯ ಸಾಲುಗಳು ಸುದ್ದಿಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ. 'ದಿನಕ್ಕೆ ಗಂಟೆಗೆ ಅರವತ್ತು ಕಿಲೋಮೀಟರ್ ಪ್ರಯಾಣ ಮಾಡಿದೆ' ಅಂದ ಹಾಗೆ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ ಹತ್ತು ಯಂತ್ರಗಳಿವೆ, ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ಪೂರ್ತಿ ಒಂದು ಗಂಟೆ ಓಡಿದರೆ 10,35,000 ಯೂನಿಟ್. ಹತ್ತು ಗಂಟೆ ಓಡಿದರೆ ಅದರ ಹತ್ತರಷ್ಟು. ಯಂತ್ರ ನಿಂತರೂ ಸಾಮರ್ಥ್ಯ 1,035 ಮೆಗಾವ್ಯಾಟೇ, ಶಕ್ತಿ ಮಾತ್ರ ಸೊನ್ನೆ.

ಬಿದ್ದ ನೀರು ಬೇರೆ ಕಡೆ ಎತ್ತುವುದು

ಬೀಳುವ ನೀರಿನಿಂದ ಕರೆಂಟು ಮಾಡಿ ದೂರಕ್ಕೆ ಕಳಿಸುವ ಕೆಲಸದಲ್ಲಿ ಮೈಸೂರು ಸಂಸ್ಥಾನ ತೀರ ಮುಂಚೆಯೇ ಕೈ ಹಾಕಿತ್ತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಆಗ ಅದು ಪ್ರಪಂಚದಲ್ಲೇ ಬಹು ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಬೆಂಗಳೂರಿಗೆ ಬೀದಿದೀಪ ಬಂದದ್ದು 1905ರಲ್ಲಿ. ಗಣಿಗೆ ಮೊದಲು, ಜನಕ್ಕೆ ಆಮೇಲೆ. ಯಾರ ಚಿನ್ನ, ಯಾರ ಕಾವೇರಿ ಎಂಬ ಪ್ರಶ್ನೆ ಇನ್ನೊಂದು ಲೇಖನದ್ದು. ಭೌತಶಾಸ್ತ್ರದ ಕಣ್ಣಿಗೆ ಅದು ತಂತಿಯಿಂದ ಮಾಡಿದ ರಾಟೆ. ಅಲ್ಲಿ ಕಾವೇರಿ ಇಳಿಯಿತು, ಇಲ್ಲಿ ಗಣಿಯ ಯಂತ್ರ ತಿರುಗಿತು.

ಈಗ ಶರಾವತಿ ಕಣಿವೆಯಲ್ಲಿ ಚರ್ಚೆಯಲ್ಲಿರುವ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯದು ಇನ್ನೊಂದು ಬಗೆ. ಕರೆಂಟು ಮಿಕ್ಕಿದ ಹೊತ್ತಿನಲ್ಲಿ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಡುವುದು. ನಮ್ಮ ತಾರಸಿ ಟ್ಯಾಂಕಿನ ದೊಡ್ಡಣ್ಣ. ಇದರಿಂದ ಶಕ್ತಿ ಒಂದಿಷ್ಟೂ ಹುಟ್ಟುವುದಿಲ್ಲ. ಇಂಥ ಸ್ಥಾವರಗಳಲ್ಲಿ ಎತ್ತಲು ನೂರು ಯೂನಿಟ್ ಹಾಕಿದರೆ ಇಳಿಯುವಾಗ ಸಿಗುವುದು ಎಪ್ಪತ್ತೈದು ಎಂಬತ್ತು. ಹಾಗಾದರೆ ಯಾಕೆ? ಮಧ್ಯಾಹ್ನದ ಸೋಲಾರ್ ಕರೆಂಟು ಸಂಜೆ ಏಳು ಗಂಟೆಗೆ ಬೇಕು, ಅದಕ್ಕೆ. ಸಿಂಗಳೀಕಗಳ ಅಭಯಾರಣ್ಯಕ್ಕೆ ಧಕ್ಕೆಯಾಗುತ್ತದೆ ಎಂಬ ವಿರೋಧ ಜೋರಾಗಿದೆ, ಆ ವಿರೋಧದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೆ ವಾದಿಸುವ ಎರಡೂ ಕಡೆಯವರು ಇದನ್ನು '2,000 ಮೆಗಾವ್ಯಾಟ್ ಉತ್ಪಾದನೆ' ಎನ್ನುವುದನ್ನು ಬಿಟ್ಟು, 'ಎಷ್ಟು ಗಂಟೆ, ಎಷ್ಟು ನಷ್ಟ' ಎಂದು ಮಾತಾಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ.

ಆ ಭಾನುವಾರ ನನ್ನ ಕಾಗದದ ಕೊನೆಯ ಸಾಲು ಇದಾಗಿತ್ತು. ನನ್ನ ಒಂದು ಸ್ನಾನಕ್ಕೆ 25 ಲೀಟರ್ ನೀರು 20 ಡಿಗ್ರಿ ಬಿಸಿಯಾಗಬೇಕು. ಆ ಕರೆಂಟು ಜೋಗದಷ್ಟು ಎತ್ತರದಿಂದ ಬಿದ್ದ ನೀರಿನದ್ದೇ ಆದರೆ, ಕನಿಷ್ಠ 845 ಲೀಟರ್ ಬೀಳಬೇಕು. ಯಂತ್ರದಲ್ಲಿ, ತಂತಿಯಲ್ಲಿ ಸೋರುವುದನ್ನು ಸೇರಿಸಿದರೆ ಒಂದು ಸಾವಿರ.

"ನಮ್ಮ ಟ್ಯಾಂಕಿನಷ್ಟಾ?" ಎಂದಳು ಅಮ್ಮ.

"ಹೂಂ, ಪೂರ್ತಿ ಒಂದು ಟ್ಯಾಂಕು, ಜೋಗದ ಮೇಲಿಂದ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾರನೆಯ ದಿನ ಬೆಳಿಗ್ಗೆ ಮೋಟರು ಗುಯ್ಯೆನ್ನುತ್ತಲೇ ಇತ್ತು. ಅಡುಗೆಮನೆಯಿಂದ ಕೂಗು ಬಂತು: "ಗೀಸರ್ ಆಫ್ ಮಾಡಿ ಬಂದ್ಯೇನೋ? ಆ ಮೋಟರನ್ನೂ ಆಫ್ ಮಾಡು, ನೀರು ಚೆಲ್ತಾ ಇದೆ."